ಮಾವನವರ ಮಗುಟ

ಮುದ್ದೇಬಿಹಾಳದ ಗೋದೂಬಾಯಿಯ ಮಡಿ ಅಂದರೆ ಅಂತಿಂಥ ಮಡಿಯಲ್ಲ. ಬೆಳಗಿನ ಜಾವ ಬಾವಿ ನೀರು ಮೈಮೇಲೆ ಹುಯ್ದುಕೊಂಡರೆ, ಊಟವಾಗುವ ತನಕ ಗಾಳಿಯೂ ಆಕೆಯನ್ನು ಕೇಳಿಯೇ ಬೀಸಬೇಕು. ಮಗನ ಅಂಗಿಯ ತೋಳು ತನ್ನ ಕೆಂಪು ಸೀರೆಗೆ ತಾಗಿತೋ ಇಲ್ಲವೋ ಎಂಬ ಬರೀ ಸಂಶಯಕ್ಕೇ ಚಳಿಗಾಲದಲ್ಲಿ ಎರಡನೆಯ ಸಲ ಸ್ನಾನ ಮಾಡಿದ ಹೆಣ್ಣುಮಗಳು ಆಕೆ. ಹಾಗಂತ ಕೆಟ್ಟವಳೇನಲ್ಲ. ಬಾಯಿ ಜೋರು, ಅಷ್ಟೇ.

ಇಂಥ ಅತ್ತೆಯ ಕೈಯಲ್ಲಿ ರುಕ್ಮಿಣೀಬಾಯಿ ಬೈಸಿಕೊಂಡು ಬೈಸಿಕೊಂಡೇ ಪಳಗಿದ್ದಳು. ಇಂಡಿಯ ತವರಿನಿಂದ ಬಂದಾಗ ಅವಳಿಗೆ ಸಾರಿಗೆ ಒಗ್ಗರಣೆ ಹಾಕಲೂ ಬರುತ್ತಿರಲಿಲ್ಲ. ಬರಬರುತ್ತ ಆ ಮನೆಯ ಒಲೆ ಅವಳ ಮಾತು ಕೇಳತೊಡಗಿತು. ಮಾವ ಅನಂತರಾಯರು, ಸಾಲಿ ಮಾಸ್ತರರು, ನಾಲಿಗೆ ರುಚಿಯ ಮನುಷ್ಯ. ಸೊಸೆ ಮಾಡಿದ ಉದ್ದಿನ ವಡೆ ಎಲೆಗೆ ಬಿದ್ದರೆ ಸಾಕು, ಮಂತ್ರ ಮರೆಯುತ್ತಿದ್ದರು. "ರುಕ್ಮಿಣಿ ಕೈ ವಡಿ ಇಲ್ಲಂದ್ರ ನಾ ಸತ್ತ ಮ್ಯಾಲ ಶ್ರಾದ್ಧಕ್ಕೂ ಈ ಮನಿಗೆ ಬರಂಗಿಲ್ಲ ನೋಡು" ಎಂದು ನಗುತ್ತ ಅಂದಿದ್ದರು. ನಗುತ್ತ ಅಂದಿದ್ದೇ ನಿಜ. ಆದರೆ ಅವರು ತೀರಿಹೋದ ಮೇಲೆ ಆ ಮಾತು ನಗೆಯಾಗಿ ಉಳಿಯಲಿಲ್ಲ. ವರ್ಷಕ್ಕೊಮ್ಮೆ ಪುಷ್ಯದಲ್ಲಿ ಅವರ ಶ್ರಾದ್ಧ ಬಂತೆಂದರೆ ರುಕ್ಮಿಣಿಯೇ ಉದ್ದು ನೆನೆಹಾಕಬೇಕು, ರುಕ್ಮಿಣಿಯೇ ತಟ್ಟಬೇಕು.

ಎಪ್ಪತ್ತೊಂದನೆಯ ಇಸವಿಯಲ್ಲಿ ಅವಳ ಎದೆಯಲ್ಲಿ ಗಂಟು ಕಾಣಿಸಿತು. ಗಂಡ ಪಾಂಡುರಂಗ, ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು, ಎದೆಗುಂದದೆ ಮೀರಜಿಗೆ ಕರೆದೊಯ್ದ. ಎದೆ ತೆಗೆದರು, ಕಂಕುಳಿನ ಗಂಟುಗಳನ್ನು ತೆಗೆದರು, ಉಳಿದ ರೋಗ ಸುಡಲು ಮೇಲೆ ಕರೆಂಟನ್ನೂ ಕೊಟ್ಟರು. ರುಕ್ಮಿಣಿ ಸಾವಿನ ಹೊಸ್ತಿಲು ಮುಟ್ಟಿ ತಿರುಗಿ ಬಂದಳು. ಊರಿಗೆ ಊರೇ ಬಂದು ನೋಡಿತು, ಕಣ್ಣೀರು ಹಾಕಿತು, ಚಹಾ ಕುಡಿದು ಹೋಯಿತು.

ವರ್ಷದ ಮೇಲೆ ಬಲಗೈ ಬಾಯತೊಡಗಿತು. ಮೊದಲು ಬಳೆ ಬಿಗಿಯಾದವು, ಆಮೇಲೆ ಕುಪ್ಪಸದ ತೋಳು. ರೋಗ ತಿರುಗಿ ಬಂತೆಂದು ಎಲ್ಲರ ಜೀವ ಬಾಯಿಗೆ ಬಂತು. ಮೀರಜಿನ ಡಾಕ್ಟರರು ನೋಡಿ, ರೋಗವೇನೂ ಬಂದಿಲ್ಲ, ಕಂಕುಳಲ್ಲಿ ನೀರು ಹಿಂದಕ್ಕೆ ಹರಿಯುವ ಹಾದಿ ಕಟ್ಟಿದೆ, ಅದಕ್ಕೇ ಬಾವು ಎಂದರು. ಇದು ಪೂರ್ತಿ ಹೋಗುವಂಥದ್ದಲ್ಲ, ಅಂಕೆಯಲ್ಲಿ ಇಟ್ಟುಕೊಳ್ಳುವಂಥದ್ದು. ಕೆಲಸ ಮಾಡುವಾಗ ಅಂಗೈಯಿಂದ ರಟ್ಟೆಯ ತನಕ ಪಟ್ಟಿ ಸುತ್ತಿರಬೇಕು. ಕೊಯ್ದುಕೊಳ್ಳಬಾರದು, ಸುಟ್ಟುಕೊಳ್ಳಬಾರದು. ಮಲಗುವಾಗ ಕೈಯನ್ನು ದಿಂಬಿನ ಮೇಲೆ ಇಡಬೇಕು. ಎಳೆದರೆ ಹಿಗ್ಗುವ ಒಂದು ಪಟ್ಟಿಯನ್ನೂ ಕೊಟ್ಟರು.

ಬದುಕಿತು ಬಡಜೀವ ಎಂದು ರುಕ್ಮಿಣಿ ಖುಷಿಯಿಂದಲೇ ಊರಿಗೆ ಬಂದಳು. ಪಟ್ಟಿ ಸುತ್ತಿಕೊಂಡು ಅಡಿಗೆಮನೆಯ ಹೊಸ್ತಿಲು ದಾಟಲು ಹೋದಳು ನೋಡಿ, ಒಳಗಿನಿಂದ ಅತ್ತೆಯ ದನಿ ಬಂತು.

"ಅಲ್ಲೇ ನಿಂದ್ರು! ಏನದು ಕೈಗೆ?"

"ದವಾಖಾನಿ ಪಟ್ಟಿರೀ ಅತ್ಯಾ. ಇದನ್ನ ಕಟ್ಕೊಂಡ ಕೆಲಸ ಮಾಡಬೇಕಂತ."

"ಯಾರ್ಯಾರೋ ಮುಟ್ಟಿದ್ದು! ಒಲಿ ಹತ್ರ ತರಬ್ಯಾಡ."

ರುಕ್ಮಿಣಿಯೂ ಕಡಿಮೆಯವಳಲ್ಲ. ಪಟ್ಟಿಯನ್ನು ಬಾವಿಯ ನೀರಲ್ಲಿ ಒಗೆದು, ಮಡಿಬಟ್ಟೆ ಒಣಗಿಸುವ ಗಳದ ಮೇಲೆ ತಾನೇ ಕೋಲಿನಿಂದ ಏರಿಸಿ ಹರವಿದಳು. ಈಗ ಅದೂ ಮಡಿಯೇ ಆಯಿತಲ್ಲ! ಗೋದೂಬಾಯಿ ಬಂದು ಕೆಳಗಿನಿಂದ ನೋಡಿದಳು, ಅದೇ ಕೋಲಿನಿಂದ ಪಟ್ಟಿಯನ್ನು ಎತ್ತಿ ಅಂಗಳಕ್ಕೆ ಬಿಸಾಡಿದಳು.

"ರಬ್ಬರ ಎಳಿ ಅದ ಇದರಾಗ. ರಬ್ಬರ ಅಂದ್ರ ಏನು, ಅದಕ್ಕ ಏನೇನ ಹಾಕಿರ್ತಾರ, ನಿನಗ ಗೊತ್ತದ ಏನು?"

ರುಕ್ಮಿಣಿಗೆ ಗೊತ್ತಿರಲಿಲ್ಲ. ಪಾಂಡುರಂಗನಿಗೂ ಗೊತ್ತಿರಲಿಲ್ಲ. ಅಲ್ಲಿಗೆ ವಾದ ಮುಗಿಯಿತು.

ಹೋದ ವರ್ಷ ಮಾವನ ಶ್ರಾದ್ಧ ಬಂದಾಗ ಅವಳು ಯಾರಿಗೂ ಹೇಳದೆ ಪಟ್ಟಿ ಬಿಚ್ಚಿಟ್ಟು ಮಡಿಯುಟ್ಟು ಒಲೆಯ ಮುಂದೆ ಕೂತಳು. ಸೂರ್ಯ ನೆತ್ತಿಗೆ ಬರುವ ತನಕ ಅರೆದಳು, ತಟ್ಟಿದಳು, ಕರಿದಳು. ಒಂದೆರಡು ಕಡೆ ಎಣ್ಣೆ ಸಿಡಿದದ್ದು ಲೆಕ್ಕಕ್ಕೆ ಬರಲಿಲ್ಲ. ಸಂಜೆಗೆ ಕೈ ಕೆಂಪೇರಿ ಬಾತು ಒನಕೆಯಂತಾಯಿತು, ಮೈ ಸುಡುವ ಜ್ವರ ಬಂತು. ಬಾಗೇವಾಡಿಯಿಂದ ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹಾಕಿಸಬೇಕಾಯಿತು. ಎಂದೂ ದನಿ ಏರಿಸದ ಪಾಂಡುರಂಗ ಅವತ್ತು ಏರಿಸಿದ. "ಇನ್ನ ಈಕಿ ಒಲಿ ಮುಂದ ಕೂಡಂಗಿಲ್ಲ. ಮುಂದಿನ ವರ್ಷ ತಾಳಿಕೋಟಿಯಿಂದ ಅಡಿಗ್ಯಾವ ಬರ್ತಾನ. ಇದ ಕಡೀ ಮಾತು."

ಅಂದಿನಿಂದ ಎಪ್ಪತ್ತು ದಾಟಿದ ಗೋದೂಬಾಯಿಯೇ ಮನೆಯ ಅಡಿಗೆ ಮಾಡತೊಡಗಿದಳು. ಒಂದು ದಿನ ಸಾರಿಗೆ ಉಪ್ಪು ಎರಡು ಸಲ ಬಿದ್ದರೆ ಮರುದಿನ ಒಂದು ಸಲವೂ ಬೀಳುತ್ತಿರಲಿಲ್ಲ. ಪಾಂಡುರಂಗ ತುಟಿಪಿಟಕ್ಕೆನ್ನದೆ ಉಣ್ಣುತ್ತಿದ್ದ. ರುಕ್ಮಿಣಿ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಕೊಯ್ದುಕೊಂಡಾಳೆಂದು ಈಳಿಗೆಯನ್ನೂ ಕೊಡುತ್ತಿರಲಿಲ್ಲ. ಪಟ್ಟಿಯ ದೆಸೆಯಿಂದ ಕೈ ಸುಮಾರಾಗಿ ಇಳಿದಿತ್ತು, ನೋವೂ ಇರಲಿಲ್ಲ. ಬೆಚ್ಚಗೆ ಬಿಸಿಲು, ಹೊಟ್ಟೆಗೆ ಊಟ, ಒಳ್ಳೆಯ ಗಂಡ, ಮೈಯಲ್ಲಿ ಉಳಿದ ಜೀವ. ಇನ್ನೇನು ಬೇಕು? ಅವಳಿಗೆ ಒಲೆ ಬೇಕಾಗಿತ್ತು. ಅದೊಂದೇ ಕೊರತೆ.

ಶ್ರಾದ್ಧಕ್ಕೆ ಹಿಂದಿನ ದಿನ ಹಾಲು ಕೊಡುವ ರೇವವ್ವ ಬಂದಳು. ಕುರುಬರ ಹೆಂಗಸು, ಮಾತಿಗೆ ಲಗಾಮಿಲ್ಲ.

"ಬಾಯಾರ, ಕೈ ಇಳದೈತೇನ್ರಿ?"

"ಪಟ್ಟಿ ಕಟ್ಟಿದ್ರ ಇಳೀತದ, ಬಿಚ್ಚಿ ಕೆಲಸ ಮಾಡಿದ್ರ ಏರ್ತದ ರೇವವ್ವಾ."

"ಹಂಗಾರ ಕಟ್ಕೊಂಡ ಮಾಡ್ರಿ!"

"ಮಡಿಗೆ ಬರಂಗಿಲ್ಲ. ನಾಳೆ ನಮ್ಮ ಮಾವನವರ ಶ್ರಾದ್ಧ. ಅಡಿಗ್ಯಾವನ ಕೈ ವಡಿ ಹಾಕೂದು ಅವರಿಗೆ." ರುಕ್ಮಿಣಿ ಪಟ್ಟಿ ಸುತ್ತಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನನ್ನ ಮನ್ಯಾಗ ನಾನ ಬೀಗತಿ ಆಗೇನಿ ನೋಡು."

ರೇವವ್ವ ಹಾಲು ಸುರಿಯುತ್ತಲೇ ಒಳಗೆ ಕೇಳುವಂತೆ ಅಂದಳು, "ಏನ್ ಮಡಿರೀ ಯವ್ವಾ ನಿಮ್ದು! ನಮ್ಮ ಕುರಿ ಉಣ್ಣಿ ಕಂಬಳಿ ಒಗೀದ ಹಾಸಿದ್ರೂ ನಿಮಗ ನಡೀತೈತಿ. ಆ ಕುರಿ ಏನ್ ಕಾಶಿಗಿ ಹೋಗಿ ಬಂದೈತೇನ್ರಿ?"

ಗೋದೂಬಾಯಿ ಬಿಟ್ಟಾಳೆಯೇ? ಒಳಗಿನಿಂದಲೇ ಗುಡುಗಿದಳು. "ಏ ರೇವಿ, ಹಾಲು ಹಾಕಿ ಸುಮ್ಮನ ನಡಿ! ಉಣ್ಣಿಗೆ ಮೈಲಿಗಿ ಇಲ್ಲ, ರೇಷ್ಮಿಗೆ ಮೈಲಿಗಿ ಇಲ್ಲ. ಹಿರ್ಯಾರು ಹೇಳ್ಯಾರ. ನೀ ಕಲಿಸಬ್ಯಾಡ ನನಗ..."

ಅಷ್ಟು ಹೇಳಿದವಳು ಥಟ್ಟನೆ ನಿಲ್ಲಿಸಿದಳು. ಬೈಗುಳದ ನಡುವೆ ಗೋದೂಬಾಯಿ ಬಾಯಿ ಮುಚ್ಚಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ರೇವವ್ವ ಹೆದರಿ, ಮುದುಕಿಗೆ ಏನಾಯಿತೋ ಎಂದು ಬಾಗಿಲಲ್ಲಿ ಹಣಿಕಿ ನೋಡಿ ಹೋದಳು.

ಸಂಜೆ ಪಾಂಡುರಂಗ ಸಾಲೆಯಿಂದ ಬಂದು ಅವ್ವನ ಮುಂದೆ ನಿಂತ. ವರ್ಷಾ ವರ್ಷಾ ಕೇಳುವುದನ್ನು ಈ ವರ್ಷವೂ ಕೇಳಬೇಕಿತ್ತು. ಅನಂತರಾಯರು ಪೂಜೆಗೆ ಉಡುತ್ತಿದ್ದ ರೇಷ್ಮೆಯ ಮಡಿಪಂಚೆ, ಮಗುಟವೊಂದು ಗೋದೂಬಾಯಿಯ ಟ್ರಂಕಿನಲ್ಲಿತ್ತು. ಹಾಲುಬಣ್ಣದ ಮೈ, ಕೆಂಪು ಅಂಚು. ಅವರು ಹೋದ ಮೇಲೆ ಆಕೆ ಅದನ್ನು ಮಗನಿಗೂ ಮುಟ್ಟಗೊಟ್ಟಿರಲಿಲ್ಲ.

"ಅವ್ವಾ, ನಾಳೆ ಅಪ್ಪನ ಮಗುಟ ಉಟ್ಕೊಳ್ಳಲೇನು?"

"ನಾ ಸತ್ತ ಮ್ಯಾಲ ಉಟ್ಕೊ." ಪ್ರತಿವರ್ಷದ ಉತ್ತರ ಅದೇ. ಆದರೆ ಈ ಸಲ ಬಾಲವೊಂದಿತ್ತು. "ಅಡಿಗ್ಯಾವಗ ಬರಬ್ಯಾಡಂತ ತಾಳಿಕೋಟಿಗೆ ಹೇಳಿ ಕಳಿಸೇನಿ."

"ಯಾಕ? ಯಾರು ಮಾಡ್ತಾರ ಅಡಿಗಿ?"

"ಮಾಡಾಕಿ ಮಾಡ್ತಾಳ."

ಪಾಂಡುರಂಗನ ಮುಖ ಕೆಂಪಾಯಿತು. "ಹೋದ ವರ್ಷದ ಜ್ವರ ಮರತಿ ಏನವ್ವಾ? ಆಕಿ ಜೀವ ತಗೋತಿ ಏನು?"

ಗೋದೂಬಾಯಿ ಜಪಮಾಲೆ ಎತ್ತಿಕೊಂಡಳು. ಜಪಮಾಲೆ ಕೈಗೆ ಬಂತೆಂದರೆ ಆ ಮನೆಯಲ್ಲಿ ಕೋರ್ಟು ಎದ್ದಂತೆ.

ರುಕ್ಮಿಣಿ ಎಲ್ಲವನ್ನೂ ಕೇಳಿಸಿಕೊಂಡಳು. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಬೇಕು. ಆ ಜ್ವರ, ಆ ಸೂಜಿ ಯಾರಿಗೆ ಬೇಕು? ಆದರೆ ಹೆದರಿಕೆಗಿಂತ ಒಂದು ಗುಲಗಂಜಿ ಹೆಚ್ಚು ಸಂತೋಷವೂ ಆಯಿತು. ಕೈ ಬಾತರೆ ಬಾಯಲಿ, ಒಂದು ದಿನ ತಾನೇ ಎಂದುಕೊಂಡು ಹೋಗಿ ಉದ್ದು ನೆನೆಹಾಕಿದಳು.

ಬೆಳಿಗ್ಗೆ ಪಟ್ಟಿ ಬಿಚ್ಚಿಟ್ಟು, ತಲೆಗೆ ನೀರು ಹುಯ್ದುಕೊಂಡು, ಮಡಿಯುಟ್ಟು ಬಂದಳು. ದೇವರ ಕೋಣೆಯಿಂದ ಅತ್ತೆ ಕರೆದಳು.

"ಬಾ ಇಲ್ಲೆ. ಕೂಡು. ಕೈ ಚಾಚು."

ಬಾತ ಕೈಯನ್ನು ರುಕ್ಮಿಣಿ ಯಾವಾಗಲೂ ಸೆರಗಿನಲ್ಲಿ ಮುಚ್ಚಿಟ್ಟುಕೊಂಡೇ ಇರುತ್ತಿದ್ದಳು. ಅತ್ತೆಯ ಮುಂದೆ ಅದನ್ನು ಬರಿದು ಮಾಡಿದ್ದೇ ಇಲ್ಲ. ನಾಚುತ್ತ ಚಾಚಿದಳು. ಗೋದೂಬಾಯಿ ಅದನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬೆರಳಿನಿಂದ ಒತ್ತಿ ನೋಡಿದಳು. ಒತ್ತಿದಲ್ಲಿ ಕುಳಿ ಬಿತ್ತು, ಕುಳಿ ಬೇಗ ತುಂಬಲಿಲ್ಲ. ಮುದುಕಿ ಆ ಕುಳಿಯನ್ನೇ ನೋಡುತ್ತ ಕೂತಳು.

"ಇಷ್ಟ ಅದ ಅಂತ ನನಗ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲರೀ ಅತ್ಯಾ."

ಗೋದೂಬಾಯಿ ಪಕ್ಕದಲ್ಲಿ ಮಡಿಚಿಟ್ಟಿದ್ದ ಮಗುಟವನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಹಲ್ಲಿನಿಂದ ತುದಿ ಕಚ್ಚಿ, ಎರಡೂ ಕೈಯಿಂದ ಚರ್‌ರ್ ಅಂತ ಸೀಳಿದಳು.

"ಅಯ್ಯ ಅತ್ಯಾ! ಮಾವನವರ ಮಗುಟ!"

"ಅವರದ ಖರೆ. ರೇಷ್ಮಿಗೆ ಮೈಲಿಗಿ ಇಲ್ಲ. ಹೆಂಗ ಸುತ್ತೂದು ಹೇಳು."

ಹುಟ್ಟಿದಾಗಿನಿಂದ ಯಾರ ಮಾತೂ ಕೇಳದ ಗೋದೂಬಾಯಿ ಅವತ್ತು ಸೊಸೆಯ ಮಾತು ಕೇಳಿದಳು. ಅಂಗೈ ಕಡೆ ಒಂದಿಷ್ಟು ಬಿಗಿ, ಮೇಲೆ ಹೋದಂತೆ ಸಡಿಲು, ಎಲ್ಲಿಯೂ ಗಂಟು ಬೇಡ. ಸರಿಯಾಗದಿದ್ದರೆ ಬಿಚ್ಚಿ ಮತ್ತೆ ಸುತ್ತಿದಳು. ಕೆಂಪು ಅಂಚು ಮಣಿಕಟ್ಟಿನಿಂದ ರಟ್ಟೆಯ ತನಕ ಏರಿತು. ರುಕ್ಮಿಣಿಗೆ ಅಳು ತಡೆಯಲಾಗಲಿಲ್ಲ, ಅತ್ತೇಬಿಟ್ಟಳು.

"ಅಳಬ್ಯಾಡ, ಕಣ್ಣೀರು ಮೈಲಿಗಿ" ಎಂದಳು ಗೋದೂಬಾಯಿ. ತನ್ನ ಕಣ್ಣನ್ನೂ ಸೆರಗಿನಿಂದ ಒರೆಸಿಕೊಂಡಳು.

ಒಲೆ ಹೊತ್ತಿತು. ಸುತ್ತಿದ ಕೈ ಕೊಂಚ ಪೆಡಸು, ಆದರೆ ಕೈ ತನ್ನ ಕೆಲಸ ಮರೆತಿರಲಿಲ್ಲ. ರುಕ್ಮಿಣಿ ತಟ್ಟುತ್ತ ಹೋದಳು. ಎಣ್ಣೆಯ ಬಾಣಲೆಯ ಕಡೆ ಸರಿದಾಗ ಅತ್ತೆ ಜಾಲರಿ ಅಡ್ಡ ಹಿಡಿದಳು.

"ಎಣ್ಣಿ ಹತ್ರ ಬರಬ್ಯಾಡ. ಸುಟ್ಕೋಬಾರದು ಅಂತ ಡಾಕ್ಟರ ಹೇಳಿಲ್ಲೇನು? ನೀ ತಟ್ಟು, ನಾ ಕರೀತೀನಿ."

ಡಾಕ್ಟರರ ಮಾತನ್ನು ಮುದುಕಿ ಇಷ್ಟು ದಿನ ನೆನಪಿಟ್ಟುಕೊಂಡಿದ್ದಾಳೆಂದು ರುಕ್ಮಿಣಿಗೆ ಗೊತ್ತೇ ಇರಲಿಲ್ಲ. ಉಪ್ಪನ್ನು ಮಾತ್ರ ಅತ್ತೆಗೆ ಬಿಡದೆ ತಾನೇ ಹಾಕಿದಳು.

ಬ್ರಾಹ್ಮಣರು ಕೂತರು. ರುಕ್ಮಿಣಿ ಬಡಿಸಲು ಬಂದಾಗ ಪಾಂಡುರಂಗನ ಕಣ್ಣು ಅವಳ ಕೈಯ ಮೇಲೆ ಬಿದ್ದು ಅಲ್ಲೇ ನಿಂತಿತು. ಆ ಕೆಂಪು ಅಂಚು ಅವನಿಗೆ ಗೊತ್ತಿಲ್ಲವೇ? ಎಲ್ಲ ಮುಗಿದು, ಬ್ರಾಹ್ಮಣರು ವಡೆಯನ್ನು ಹೊಗಳಿ ಎದ್ದುಹೋದ ಮೇಲೆ ಅವ್ವನನ್ನು ಹಿಡಿದ.

"ನನಗ ಮುಟ್ಟಗೊಡಲಿಲ್ಲ, ಈಕಿಗೆ ಹರದು ಕೊಟ್ಟಿ!" ಬೈಯಬೇಕೆಂದು ಶುರುಮಾಡಿದವನಿಗೆ ನಗು ಬಂದುಬಿಟ್ಟಿತು.

"ನೀ ಉಟ್ಟಿದ್ರ ಕೂತು ಉಣ್ಣತಿದ್ದಿ. ಆಕಿ ಸುತ್ಕೊಂಡಾಳ, ನಿಂತು ಬಡಿಸ್ಯಾಳ. ನಿಮ್ಮ ಅಪ್ಪನವರು ಬಂದು ಉಂಡು ಹೋದ್ರು. ಸುಮ್ಮನಿರು."

ಸಂಜೆ ರುಕ್ಮಿಣಿ ಪಡಸಾಲೆಯಲ್ಲಿ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಒರಗಿದ್ದಳು. ಕೈ ದಣಿದಿತ್ತು, ಆದರೆ ಕೆಂಪೇರಿರಲಿಲ್ಲ, ಜ್ವರವಿರಲಿಲ್ಲ. ಬಿಚ್ಚಿದ ರೇಷ್ಮೆಯ ಪಟ್ಟಿ ಬಾವಿಯ ನೀರಲ್ಲಿ ತೊಯ್ದು ಗಳದ ಮೇಲೆ ಅತ್ತೆಯ ಕೆಂಪು ಸೀರೆಯ ಪಕ್ಕದಲ್ಲಿ ಒಣಗುತ್ತಿತ್ತು. ಒಂದು ದಿನವಾದರೂ ದಕ್ಕಿತಲ್ಲ ಎಂದು ಅವಳು ಸಮಾಧಾನದಿಂದ ಕಣ್ಣು ಮುಚ್ಚಿದಳು.

ಆಗ ದೇವರ ಕೋಣೆಯಿಂದ ಮತ್ತೆ ಚರ್‌ರ್ ಎಂದು ಸಪ್ಪಳ ಬಂತು.

"ಅತ್ಯಾ, ಏನ ಮಾಡ್ಲಿಕ್ಕೆ ಹತ್ತೀರಿ? ಶ್ರಾದ್ಧ ಮುಗೀತಲ್ಲರೀ!"

"ಉಳದ ಅರ್ಧ ಹರೀಲಿಕ್ಕೆ ಹತ್ತೀನಿ" ಎಂದು ಒಳಗಿನಿಂದ ಗೋದೂಬಾಯಿ ರೇಗಿದಳು. "ಒಂದು ಒಗದು ಹಾಕಿದ್ರ ಇನ್ನೊಂದು ಬ್ಯಾಡೇನು, ದಿನಾ ಅಡಿಗಿ ಮಾಡಾಕಿಗೆ?"