ಮರ್ಯಾದೆಯ ಚಿತ್ರ

ಅರವತ್ತೈದನೆಯ ಇಸವಿಯಲ್ಲಿ ಪುತ್ತೂರು ಪೇಟೆಯ ಹೆಂಗಸರು ರವಿಕೆ ಹೊಲಿಸಲು ಮೊಯ್ದೀನರ ಟೈಲರ್ ಅಂಗಡಿಗೆ ಬಂದರೆ, ತೀರ್ಥರಾಮನೇ ಹೊಲಿಯಬೇಕೆಂದು ಹಟ ಹಿಡಿಯುತ್ತಿದ್ದರು. ಅವನು ಜಾಲ್ಸೂರಿನ ಕಡೆಯ ಬೇಸಾಯಗಾರರ ಹಿರಿಮಗ, ಇಪ್ಪತ್ತನಾಲ್ಕರ ಪ್ರಾಯ. ಕಾಲಿಗೆ ಅಂಟಿದಂಥ ಬಿಗಿ ಪ್ಯಾಂಟನ್ನೂ ಸೀರೆ ತುಂಡಿನ ಹೂವಿನ ಅಂಗಿಯನ್ನೂ ತಾನೇ ಹೊಲಿದು ಹಾಕುತ್ತಿದ್ದ. ಬಸ್‌ಸ್ಟ್ಯಾಂಡಿನ ಹುಡುಗರು ಶಿಳ್ಳೆ ಹಾಕುತ್ತಿದ್ದರು. ಮೊದಮೊದಲು ಅವನ ಕಿವಿ ಬಿಸಿಯಾಗುತ್ತಿತ್ತು. ಆಮೇಲೆ ಕಿವಿ ಬಿಸಿಯಾಗುವುದೂ ನಿಂತುಹೋಯಿತು.

ಮದ್ರಾಸಿನಲ್ಲಿ ಚಿತ್ರ ಕಲಿತು ಬಂದ ಮನೋರಮಾ ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಈಗಿನ ಪ್ರಾಯದವರನ್ನು ಅವರದೇ ಉಡುಪಿನಲ್ಲಿ ಬರೆಯುವ ಆಸೆ ಅವಳದು. ತೋಳಿಲ್ಲದ ರವಿಕೆ ತೊಟ್ಟ ನರ್ಸ್ ರಾಜೀವಿಯನ್ನು ಬರೆದಾಗಿತ್ತು. ಬಿಗಿ ಪ್ಯಾಂಟಿನ ತೀರ್ಥರಾಮನನ್ನು ನರಿಮೊಗರಿನ ತನ್ನ ಮನೆಯ ಜಗಲಿಯಲ್ಲಿ ಕೂರಿಸಿ ಬರೆದಳು. ಅದು ಮುಗಿದ ದಿನ ಅವನು ಎದ್ದು ಹೋಗಲಿಲ್ಲ.

"ಟೀಚರೇ, ಸೀರೆ ಉಟ್ಟರೆ ಬರೀತೀರಾ ನನ್ನನ್ನು?"

ಮನೋರಮಾ ನಗಲಿಲ್ಲ, ಯಾಕೆಂದೂ ಕೇಳಲಿಲ್ಲ. ಒಳಗಿಂದ ನೇರಳೆ ಬಣ್ಣದ ಸೀರೆ ತಂದುಕೊಟ್ಟಳು. ಅದನ್ನುಟ್ಟು ಸೆರಗು ಹೊದ್ದು ಕುಳಿತಾಗ ತೀರ್ಥರಾಮನಿಗೆ ಎದೆಯ ಮೇಲಿನ ಹೊರೆಯನ್ನು ಯಾರೋ ಇಳಿಸಿಕೊಂಡ ಹಾಗಾಯಿತು. ಹಾಗೆ ಅನಿಸಿದ್ದು ಅಲ್ಲಿ, ಆ ಜಗಲಿಯಲ್ಲಿ ಮಾತ್ರ. ಪ್ಯಾಂಟು ತೊಟ್ಟು ಪೇಟೆಗೆ ಮರಳುವಷ್ಟರಲ್ಲಿ ಮತ್ತೆ ಏನೂ ತಟ್ಟದ ಮರದ ಕೊರಡಿನಂತಾಗಿದ್ದ.

ಊರ ಸಭಾಭವನದಲ್ಲಿ ಚಿತ್ರಗಳನ್ನು ತೂಗುಹಾಕಿದ ಬೆಳಿಗ್ಗೆಯೇ ಗಲಾಟೆ ಎದ್ದಿತು. ತೋಳಿಲ್ಲದ ರವಿಕೆ ನೋಡಿ ಒಬ್ಬರು ಕೂಗಾಡಿದರು, ಬಿಗಿ ಪ್ಯಾಂಟು ನೋಡಿ ಇನ್ನೊಬ್ಬರು ಉಗುಳಿದರು. ಆಡಳಿತದವರು ಎರಡನ್ನೂ ಇಳಿಸಿ ಗೋಡೆಗೆ ಮುಖ ಮಾಡಿಟ್ಟರು. ನೇರಳೆ ಸೀರೆಯ ಚಿತ್ರದ ಎದುರು ಮಾತ್ರ, ತೀರ್ಥರಾಮನ ಗುರುತು ಸಿಗದೆ ಯಾರೋ ಹೆಣ್ಣೆಂದೇ ತಿಳಿದು, ಎಲ್ಲರೂ ತಣ್ಣಗಾದರು.

"ನೋಡಿ, ಇದು ಮರ್ಯಾದೆಯ ಚಿತ್ರ," ಎಂದರು ತೋಟದ ಧಣಿ ಗೌರೀಶಂಕರ ರಾಯರು. "ಎಂಥ ಲಕ್ಷಣ ಮಾರಾಯ್ರೆ! ಇದನ್ನು ನಾನೇ ತಗೊಳ್ತೇನೆ."

ಮನೋರಮಾ ತಿರುಗಿ ತೀರ್ಥರಾಮನ ಮುಖ ನೋಡಿದಳು. ಅವನು ಬಾಗಿಲ ಬಳಿ ನಿಂತಿದ್ದ. ಕೊಡಿ ಎಂಬಂತೆ ತಲೆಯಾಡಿಸಿದ.

ಅದೇ ಹೊತ್ತಿಗೆ ಅವನ ತಾಯಿ ಪೂವಮ್ಮ ಒಳಬಂದರು. ಅಲ್ಲೇ ಹತ್ತಿರದ ಸವಣೂರಿನಲ್ಲಿ ಹೆಣ್ಣು ನೋಡಲು ಮಗನನ್ನು ಕರೆದೊಯ್ಯಲೆಂದು ಬಂದವರು, ಅಂಗಡಿಯಲ್ಲಿ ವಿಚಾರಿಸಿ ಇಲ್ಲಿಗೆ ನಡೆದಿದ್ದರು. ಮಗನ ಹತ್ತಿರ ಬರುವ ಮೊದಲೇ ಚಿತ್ರ ಅವರ ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ನೋಡಿ, ಬಾಗಿಲ ಬಳಿ ಮಗನಿದ್ದಲ್ಲಿಗೆ ಬಂದರು.

"ಇದು ನೀನಲ್ವಾ?" ದನಿ ತಗ್ಗಿಸಿ ಕೇಳಿದರು.

"ಹೌದು ಅವ್ವಾ."

"ಸೀರೆ ಯಾರದ್ದು?"

"ಟೀಚರದ್ದು."

"ನಾನು ಹೊದ್ದುಕೊಳ್ಳುವ ಹಾಗೆಯೇ ಹೊದ್ದಿದ್ದಿ ಸೆರಗು." ಮತ್ತೆ ಅಂದರು, "ಸವಣೂರಿನವರಿಗೆ ಎಂತ ಹೇಳುದು?"

"ಬೇಡ ಅಂತ ಹೇಳಿ. ಒಂದು ಹುಡುಗಿಯ ಬದುಕು ಯಾಕೆ ಹಾಳು ಮಾಡುದು?"

ಪೂವಮ್ಮ ಬೈಯಲಿಲ್ಲ, ಅಳಲಿಲ್ಲ; ಮಗನೊಡನೆ ಬಸ್‌ಸ್ಟ್ಯಾಂಡಿಗೆ ನಡೆದರು. ಬಸ್ಸಿನ ಹತ್ತಿರ ನಿಂತು ಹೇಳಿದರು: "ಜಾತಕ ಕೂಡಿ ಬರ್ಲಿಲ್ಲ ಅಂತ ಅಪ್ಪನಿಗೆ ನಾನು ಹೇಳ್ತೇನೆ. ನೀನು ಸ್ವಲ್ಪ ಕಾಲ ಮನೆಗೆ ಬರುದು ಬೇಡ, ಆಯ್ತಾ?"

"ಆಯ್ತು."

ಬಸ್ಸು ಹೊರಟಿತು. ತೀರ್ಥರಾಮ ಅಳು ಬರಬಹುದೆಂದು ಕಾದ. ಬರಲಿಲ್ಲ. ಅಂಗಡಿಗೆ ಹೋಗಿ ಮೆಷಿನ್ನಿನ ಮುಂದೆ ಕುಳಿತ.

"ಅಮ್ಮ ಸಿಕ್ಕಿದ್ರಾ?" ಮೊಯ್ದೀನರು ಕೇಳಿದರು.

"ಸಿಕ್ಕಿದ್ರು. ಹೋದ್ರು."

ಮುಂದಿನ ವರ್ಷ ತಮ್ಮನ ಮದುವೆಗೆ ಕರೆ ಬಂತು. ತೀರ್ಥರಾಮ ಬಿಳಿ ಪಂಚೆಯುಟ್ಟು ಹೋದ. ನೆಂಟರ ಪಂಕ್ತಿಯಲ್ಲಿ ಕುಳಿತು ಉಂಡ. ಪೂವಮ್ಮ ತಾವೇ ಬಂದು ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿ ಮುಂದಿನ ಎಲೆಗೆ ಹೋದರು. ಸಿಹಿ ನಾಲಗೆಗೆ ಹತ್ತಲಿಲ್ಲವಾದರೂ ಅವನು ಎಲೆಯಲ್ಲಿ ಏನನ್ನೂ ಬಿಡಲಿಲ್ಲ. ಕೈ ತೊಳೆದು, ಸಂಜೆಯ ಬಸ್ಸಿಗೆ ಪುತ್ತೂರಿಗೆ ಮರಳಿದ.