ಒಂದೇ ಸೂಜಿಯ ಚೀಟಿಗಳು

ಹುಲಿ ಪತಂಗಗಳ ಮನೆತನವೇ ಮುಳುಗಿಹೋಗಿತ್ತು. ಇಷ್ಟು ಕಾಲ ತಮ್ಮದೇ ಒಂದು ಕುಟುಂಬ ಎಂದು ಮೆರೆದಿದ್ದ ಅವುಗಳನ್ನು ವಿಜ್ಞಾನಿಗಳು ಇನ್ನೊಂದು ದೊಡ್ಡ ಕುಟುಂಬದೊಳಗೆ ಉಪಕುಟುಂಬವಾಗಿ ಸೇರಿಸಿಬಿಟ್ಟಿದ್ದರು.

"ಸ್ವಂತ ಮನೆ ಇದ್ದೋರು, ಈಗ ದೊಡ್ಡಪ್ಪನ ಮನೇಲಿ ಒಂದು ಕೋಣೆ!" ಎಂದು ನಕ್ಕಳು ಸಂಗ್ರಹಾಲಯದ ಕೀಟ ವಿಭಾಗದ ಹಿರಿಯಳು. ಎಲ್ಲರ ಬಾಯಲ್ಲೂ ಅವಳು ಸೂಜಿ ಅಕ್ಕ. "ಹೊಸ ಹೆಸರಿನ ಚೀಟಿ ಬರಿ ಕಣೇ. ಹನ್ನೆರಡು ಪೆಟ್ಟಿಗೆ ಇದೆ."

ಹುಡುಗಿ ಕೆಲಸಕ್ಕೆ ಸೇರಿ ಮೂರು ವಾರ. ಇದೇ ಮೇಜಿನ ಮುಂದೆ ಕೂತು ಅವಳ ಅಜ್ಜಿ ಇಪ್ಪತ್ತೆಂಟು ವರ್ಷ ಚೀಟಿ ಬರೆದಿದ್ದಳು. ಅಜ್ಜಿಯ ಕಥೆಗಳಲ್ಲಿ ರಾಜಕುಮಾರರಿಗಿಂತ ಪತಂಗಗಳೇ ಹೆಚ್ಚು. "ಬಾವಲಿ ಹತ್ರ ಬಂದ್ರೆ ಹುಲಿ ಪತಂಗ ಎದೆ ತಮಟೆ ಬಾರಿಸುತ್ತೆ ಮಗಾ. ನಾನು ಕಹಿ, ನನ್ನ ತಿನ್ಬೇಡ ಅಂತ. ನಮ್ಮ ಕಿವಿಗೆ ಮಾತ್ರ ಕೇಳಲ್ಲ." ಅಜ್ಜಿ ಹೋಗಿ ಎರಡು ವರ್ಷ. ಅವಳ ದನಿಯೂ ಈಗ ಹಾಗೇ ಆಗಿತ್ತು.

ಏಳನೇ ಪೆಟ್ಟಿಗೆಯಲ್ಲಿ, ಕಪ್ಪು ಪಟ್ಟೆಯ ಕೇಸರಿ ಪತಂಗದ ಕೆಳಗೆ, ಅದೇ ಸೂಜಿಗೆ ಚುಚ್ಚಿದ ಉಗುರಗಲದ ಚೀಟಿ: "ಗಿರಣಿ ಹಿಂದಿನ ಕೊಳ, ಜೌಗು ಹುಲ್ಲು." ಬಾಲ ಎಳೆದು ಬರೆದ ಅಜ್ಜಿಯ ಅಕ್ಷರ. ಆ ಕೊಳ ಇದ್ದಲ್ಲಿ ಈಗ ಬಸ್ ಡಿಪೋ. ಹೊಸ ಚೀಟಿ ಬಂದ ಮೇಲೆ ಹಳೆಯದು ಕಸದ ಬುಟ್ಟಿಗೇ ತಾನೇ? ಹುಡುಗಿ ಸೂಜಿ ಎತ್ತಿ, ಚೀಟಿಯನ್ನು ಚಿಮಟದಿಂದ ಮೆಲ್ಲನೆ ಕಳಚಿ, ಕನ್ನಡಕದ ಡಬ್ಬಿಗೆ ಸೇರಿಸಿದಳು.

ಮಧ್ಯಾಹ್ನ ಪೆಟ್ಟಿಗೆಗೆ ಮೂಗು ತಾಗಿಸಿ ನೋಡಿದ ಸೂಜಿ ಅಕ್ಕ ಹುಬ್ಬು ಗಂಟಿಕ್ಕಿದಳು. "ಇದರ ಚೀಟಿ ಎಲ್ಲೇ?"

ಹುಡುಗಿ ಡಬ್ಬಿ ತೆರೆದಳು. "ಅಜ್ಜಿ ಬರೆದಿದ್ದು, ಅಕ್ಕ. ನೀವು ಬಿಸಾಕ್ತೀರೇನೋ ಅಂತ..."

"ಬಿಸಾಕೋದಾ? ಎಲ್ಲಿ ಸಿಕ್ತು ಅಂತ ಹೇಳೋ ಚೀಟಿ ಹೋದ್ರೆ ಇದು ಬರೀ ಸತ್ತ ಹುಳ ಕಣೇ!" ಅಕ್ಕ ಇನ್ನೊಂದು ಸೂಜಿ ಎತ್ತಿ ತೋರಿಸಿದಳು. ಒಂದರ ಕೆಳಗೊಂದು ನಾಲ್ಕು ಚೀಟಿ, ನಾಲ್ಕು ಕೈಬರಹ. "ಹೆಸರು ಎಷ್ಟು ಸಲ ಬದಲಾದ್ರೂ ಹಳೇದನ್ನ ಯಾರೂ ತೆಗೆಯಲ್ಲ. ಹೊಸದು ಅದರ ಕೆಳಗೆ ಕೂರುತ್ತೆ. ನನಗೆ ಕಲಿಸಿದ್ದೇ ನಿಮ್ಮಜ್ಜಿ. ನಿನಗೆ ಹೇಳೋಕೆ ಮರೆತ್ರಾ?"

ಮರೆತಿರಲಾರಳು. ಕಥೆ ಅಲ್ಲಿಗೆ ಬರುವಷ್ಟರಲ್ಲಿ ತಾನೇ ನಿದ್ದೆ ಹೋಗಿರಬೇಕು.

ಹಾಗಾದರೆ ಚೀಟಿ ಮನೆಗೆ ಬರುವುದಿಲ್ಲ. ಅದನ್ನು ಒಂದು ಗಳಿಗೆ ಅಂಗೈಯಲ್ಲಿ ಇಟ್ಟುಕೊಂಡು, ಆಮೇಲೆ ಹಳೆಯ ತೂತಿನಲ್ಲೇ ಸೂಜಿ ತೂರಿಸಿದಳು. ತನ್ನ ಚೀಟಿ ಬರೆದಳು. ಸೊಟ್ಟಗಾಯಿತು; ಇನ್ನೊಂದು ಬರೆದಳು. ಅದನ್ನು ಅಜ್ಜಿಯದರ ಕೆಳಗೆ ಕೂರಿಸಿ, ಸೂಜಿ ಅಕ್ಕ ಆ ಕಡೆ ತಿರುಗುವುದನ್ನೇ ಕಾದು, ಪತಂಗದ ಎದೆಯ ಹತ್ತಿರಕ್ಕೆ ಕಿವಿ ತಂದಳು.