ಇಳಿದ ಸಮಯ

ಜಪಾನಿನ ಉತ್ತರದ ಹೊಕ್ಕೈಡೋದ ಬೆಟ್ಟಗಳಲ್ಲಿ ಚಿಜುರುವಿಗೆ ಹೇಳೋರಿಲ್ಲ, ಕೇಳೋರಿಲ್ಲ. ಮೂವತ್ತೆರಡು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು, ನಿವೃತ್ತಿಯಾದದ್ದೇ ತಡ, ಪುಟ್ಟ ವ್ಯಾನಿನಲ್ಲಿ ಹಾಸಿಗೆ, ಒಲೆ, ಅಕ್ಕಿ ತುಂಬಿಕೊಂಡು ಹೊರಟುಬಿಟ್ಟಳು. ಬೆಳಿಗ್ಗೆ ಎದ್ದು ಆಕಾಶ ನೋಡುವುದು. ಬಿಸಿಲಿದ್ದರೆ ಇಲ್ಲೇ ಇನ್ನೊಂದು ದಿನ, ಮೋಡವಿದ್ದರೆ ಮುಂದಿನ ರಾಷ್ಟ್ರೀಯ ಉದ್ಯಾನ. ಇಂಥ ಸುಖ ಯಾರಿಗುಂಟು, ಯಾರಿಗಿಲ್ಲ! ಆದರೆ ನಾನೂರು ಮಕ್ಕಳಿಗೆ ಅಳೆದ ಕೈ. ಒಬ್ಬಳಿಗೆ ಎಂದು ಅಕ್ಕಿ ಹಾಕಿದರೆ ದಿನಾ ಅನ್ನ ಮಿಕ್ಕುತ್ತಿತ್ತು.

ಬೆಟ್ಟ ಹತ್ತುವ ಕಡೆಯಲ್ಲೆಲ್ಲ ಮರದ ಪೆಟ್ಟಿಗೆಯೊಳಗೆ ಒಂದು ಪುಸ್ತಕ. ಹೆಸರು, ಹತ್ತಿದ ಸಮಯ, ಮನೆಯವರ ನಂಬರು ಬರೆಯಬೇಕು. ಮರಳಿದ ಮೇಲೆ ಇಳಿದ ಸಮಯ. ಅವಳು ದೂರದ ಸೆಂಡೈ ಊರಿನಲ್ಲಿ ತೋಫು ಅಂಗಡಿ ನಡೆಸುವ ತಮ್ಮ ಕುನಿಹಿಕೊನ ನಂಬರು ಬರೆಯುತ್ತಿದ್ದಳು. ಬೇರೆ ಯಾರಿದ್ದಾರೆ?

ಜುಲೈಯಲ್ಲಿ ಒಮ್ಮೆ ಮಳೆಗೆ ಓಡಿಬಂದು ಇಳಿದ ಸಮಯ ಬರೆಯಲು ಮರೆತಳು. ಪುಸ್ತಕ ನೋಡಿದ ಬೆಟ್ಟದ ಕಾವಲಿನವರು ತಮ್ಮನಿಗೆ ಫೋನ್ ಮಾಡಿದರು, ಅವನು ಗಾಬರಿಯಿಂದ ಇವಳಿಗೆ ಮಾಡಿದ. ಎರಡು ವರ್ಷದಲ್ಲಿ ಅದೇ ಮೊದಲ ಕರೆ. ಬೈದ, ಬೈದಾದ ಮೇಲೆ ಮಂಡಿನೋವು ಹೇಗಿದೆ ಎಂದೂ ಕೇಳಿದ. ಹನ್ನೊಂದು ನಿಮಿಷ ಮಾತಾಡಿದರು.

ಆಗಸ್ಟಿನಲ್ಲಿ ಅವಳು ಮರೆಯಲಿಲ್ಲ. ಪೆನ್ನು ಕೈಯಲ್ಲೇ ಇತ್ತು. ಬರೆಯದೆಯೇ ಪುಸ್ತಕ ಮುಚ್ಚಿ ಬಂದಳು. ತಮ್ಮನ ಫೋನ್ ಬಂತು, ಆರು ನಿಮಿಷ.

ಸೆಪ್ಟೆಂಬರಿನಲ್ಲೂ ಹಾಗೇ ಮಾಡಿದಳು. ಆದರೆ ಆ ರಾತ್ರಿ ದೂರ ಹೋಗಿ ವ್ಯಾನ್ ನಿಲ್ಲಿಸಿದ ಕಣಿವೆಯಲ್ಲಿ ಸಿಗ್ನಲ್ ಇರಲಿಲ್ಲ. ಬೆಳಿಗ್ಗೆ ರಸ್ತೆಗೆ ಬಂದಾಗ ಫೋನ್ ಬಡಿದುಕೊಂಡಿತು.

"ಅಕ್ಕಾ! ಎಲ್ಲಿ ಹಾಳಾಗಿ ಹೋಗಿದ್ದೆ?"

"ಸಿಗ್ನಲ್ ಇರ್ಲಿಲ್ಲ ಕಣೋ."

"ನಿನ್ನ ಹುಡುಕೋಕೆ ಆರು ಜನ ಆ ಕರಡಿ ಕಾಡಿಗೆ ಹೋಗಿದ್ದಾರೆ. ಇಲ್ಲಿ ನಾನು ಫೋನ್ ಮುಂದೆ ಕೂತು, ತೋಫುಗೆ ನೆನೆಹಾಕಿದ ಸೋಯಾ ಕಾಳೆಲ್ಲ ಹುಳಿ ಬಂತು. ಒಂದ್ಸಲ ಮರೀತಾರೆ. ಮೂರ್ ಸಲಾನಾ? ಬೇಕಂತ್ಲೇ ಮಾಡ್ತಿದ್ದೀಯಾ?"

ನಿನ್ನ ಜೊತೆ ಮಾತಾಡಬೇಕಿತ್ತು ಎಂದಿದ್ದರೆ ಸಾಕಿತ್ತೇನೋ. ಅಷ್ಟು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ.

"ಇನ್ಮೇಲೆ ನನ್ನ ನಂಬರ್ ಬರೀಬೇಡ," ಎಂದು ಫೋನ್ ಇಟ್ಟುಬಿಟ್ಟ. ಮಾಡಿದ್ದುಣ್ಣೋ ಮಹಾರಾಯ.

ಅವಳು ಬೆಟ್ಟದ ಬುಡಕ್ಕೆ ಹಿಂದಿರುಗಿ, ಕೆಸರು ಮೆತ್ತಿಕೊಂಡು ಇಳಿದುಬಂದ ಆರೂ ಜನರ ಮುಂದೆ ಸೊಂಟ ಬಗ್ಗಿಸಿ ಕ್ಷಮೆ ಕೇಳಿದಳು. ಅವರು ಒಂದು ಮಾತೂ ಬೈಯಲಿಲ್ಲ. ಅದೇ ಹೆಚ್ಚು ಸುಟ್ಟಿತು.

ಮುಂದಿನ ಬೆಟ್ಟದಲ್ಲಿ ಪುಸ್ತಕದ ಪಕ್ಕ ಮುದಿ ಕಾವಲುಗಾರನೊಬ್ಬ ಕೂತಿದ್ದ. ಅವಳು ಬರೆದದ್ದನ್ನು ಕನ್ನಡಕ ಏರಿಸಿ ನೋಡಿದ.

"ಇದು ಯಾರ ನಂಬರಮ್ಮ?"

"ನಂದೇ."

"ಚೆನ್ನಾಯ್ತು! ನೀವು ಮೇಲೆ ಬಿದ್ದಿದ್ರೆ ಫೋನ್ ಎತ್ತೋರು ಯಾರು?" ಎಂದು ನಕ್ಕ.

ಅವಳೂ ನಕ್ಕಂತೆ ಮಾಡಿ, ಕರಡಿಗಳು ಸದ್ದು ಕೇಳಿ ದೂರವಿರಲೆಂದು ಚೀಲಕ್ಕೆ ಗಂಟೆ ಕಟ್ಟಿಕೊಂಡು ಹತ್ತಿದಳು. ಮಧ್ಯಾಹ್ನ ಇಳಿದುಬಂದಾಗ ಕಾವಲುಗಾರ ಊಟಕ್ಕೆ ಹೋಗಿದ್ದ. ಪೆಟ್ಟಿಗೆ ತೆರೆದು ಎರಡು ಗಂಟೆ ಇಪ್ಪತ್ತು ನಿಮಿಷ ಎಂದು ಬರೆದಳು. ಅದಕ್ಕೆ ಕಾಯುವ ಮನೆಯವರು ಯಾರೂ ಇರಲಿಲ್ಲ. ಆದರೂ ಗುಂಡಗೆ, ಸ್ಪಷ್ಟವಾಗಿ ಬರೆದಳು.